ರಸ್ತೆಗೆ ಒಗ್ಗುವ ಕ್ಲಚ್ ಮತ್ತು ಫ್ಲೈವೀಲ್: ಬಲಿಷ್ಠ ಎಂಜಿನ್ನಿನ ಕಾರುಗಳಿಗೆ ಆಯ್ಕೆ

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ನಿಂತು ಶಕ್ತಿಯನ್ನು ದಾಟಿಸುವ ಜೋಡಿ ಭಾಗಗಳು ಫ್ಲೈವೀಲ್ ಮತ್ತು ಕ್ಲಚ್. ಫ್ಲೈವೀಲ್ ಎಂಬುದು ಕ್ರ್ಯಾಂಕ್ ಶಾಫ್ಟಿನ ತುದಿಗೆ ಬೋಲ್ಟು ಬಿಗಿದು ಕೂರಿಸಿದ ಭಾರದ ಚಕ್ರ. ಎಂಜಿನ್ನಿನ ಬಿಟ್ಟು ಬಿಟ್ಟು ಬರುವ ಹೊಡೆತಗಳನ್ನು ಅದು ನುಂಗಿಕೊಂಡು ಒಂದೇ ಹದದ ತಿರುಗಾಟವಾಗಿ ಕೊಡುತ್ತದೆ. ಆ ತಿರುಗಾಟವನ್ನು ಬೇಕೆಂದಾಗ ಗೇರ್‌ಬಾಕ್ಸಿಗೆ ಕೂಡಿಸುವುದು, ಬೇಡವಾದಾಗ ಬಿಡಿಸುವುದು ಕ್ಲಚ್ಚಿನ ಕೆಲಸ. ಕಾರಿನ ಎಂಜಿನ್ ಬಲಿಷ್ಠವಾದಷ್ಟೂ ಈ ಜೋಡಿಯ ಮೇಲೆ ಹೊರೆ ಹೆಚ್ಚುತ್ತದೆ. ಬಲವಾದ ಕ್ಲಚ್ ಮಾಡುವುದು ಇಂದು ಕಷ್ಟವಲ್ಲ. ಬಲವಾಗಿದ್ದೂ ದಿನನಿತ್ಯದ ರಸ್ತೆಯಲ್ಲಿ ಕಾಲಿಗೆ ಹಗುರವಾಗಿ, ಜರ್ಕ್ ಇಲ್ಲದೆ ಕೂಡಿಕೊಳ್ಳುವ ಕ್ಲಚ್ಚನ್ನು ಆರಿಸುವುದು ಕಷ್ಟ. ರೇಸಿನ ಕ್ಲಚ್ಚಿಗೆ ವೇಗವೇ ಪರೀಕ್ಷೆ, ರಸ್ತೆಯ ಕ್ಲಚ್ಚಿಗೆ ನಿಧಾನವೇ ಪರೀಕ್ಷೆ. ಈ ಲೇಖನ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ರಸ್ತೆಗಳನ್ನು ಎದುರಿಗಿಟ್ಟುಕೊಂಡು ಆ ಆಯ್ಕೆಯನ್ನು ವಿವರಿಸುತ್ತದೆ.

ಹಿನ್ನೆಲೆ

ಫ್ಲೈವೀಲಿನ ತತ್ತ್ವ ಮೋಟಾರಿಗಿಂತ ಬಹಳ ಹಳೆಯದು. ಕುಂಬಾರನ ತಿಗುರಿ ಅದೇ ತತ್ತ್ವದ ಯಂತ್ರ. ಕೋಲು ಕೊಟ್ಟು ನಾಲ್ಕು ಸುತ್ತು ಬೀಸಿ ತಿರುಗಿಸಿದರೆ, ಕೈ ತೆಗೆದ ಮೇಲೂ ಮಡಕೆ ರೂಪುಗೊಳ್ಳುವವರೆಗೆ ಅದು ತಿರುಗುತ್ತಲೇ ಇರುತ್ತದೆ. ತಿಗುರಿಯ ಭಾರವೆಲ್ಲ ಅಂಚಿನಲ್ಲಿರುವುದೂ ಇದಕ್ಕಾಗಿಯೇ. ಕಾರಿನ ಕ್ಲಚ್ ಮಾತ್ರ ಮೋಟಾರಿನ ಕಾಲದ್ದು. ಮೊದಮೊದಲ ಕಾರುಗಳಲ್ಲಿ ಚರ್ಮ ಹೊದಿಸಿದ ಶಂಕುವಿನಾಕಾರದ ಕ್ಲಚ್ ಇತ್ತು. ಅದು ಒಮ್ಮೆಗೇ ಕಚ್ಚಿಕೊಂಡು ಗಾಡಿಯನ್ನು ಕುಲುಕಿಸುತ್ತಿತ್ತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಚಪ್ಪಟೆ ಪ್ಲೇಟಿನ ಒಣ ಕ್ಲಚ್ ಅದರ ಜಾಗಕ್ಕೆ ಬಂತು. ಸುತ್ತ ಜೋಡಿಸಿದ ಹಲವು ಸುರುಳಿ ಸ್ಪ್ರಿಂಗುಗಳ ಬದಲು ತಟ್ಟೆಯಂಥ ಒಂದೇ ಡಯಾಫ್ರಾಮ್ ಸ್ಪ್ರಿಂಗ್ ಬಂದ ಮೇಲೆ ಪೆಡಲ್ ಹಗುರವಾಯಿತು. 1965ರಲ್ಲಿ ಜರ್ಮನಿಯ ಬ್ಯೂಲ್ ಪಟ್ಟಣದಲ್ಲಿ ಆರಂಭವಾದ ಲುಕ್ ಕಂಪನಿ ಈ ಬಗೆಯ ಸ್ಪ್ರಿಂಗನ್ನು ಯುರೋಪಿನ ಸಣ್ಣ ಕಾರುಗಳಲ್ಲಿ ಬಳಕೆಗೆ ತಂದಿತು. 1985ರಲ್ಲಿ ಎರಡು ತುಂಡಿನ ಫ್ಲೈವೀಲನ್ನು ಮಾರುಕಟ್ಟೆಗೆ ತಂದದ್ದೂ ಅದೇ ಕಂಪನಿ. ಕರ್ನಾಟಕದ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ ಅದರ ಭಾರತದ ಕಾರ್ಖಾನೆ ಇದೆ.

ಮೈಸೂರು ಸೀಮೆಗೆ ಕ್ಲಚ್ಚಿನ ನಂಟು ಬೆಳೆದದ್ದು ಮುಖ್ಯವಾಗಿ ಎರಡು ದಾರಿಯಲ್ಲಿ. ಮೊದಲನೆಯದು ಮೋಟಾರ್ ಸೈಕಲ್. ಫಾರೂಖ್ ಇರಾನಿ ಅವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ಜಾವಾ, ನಂತರ ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆ 250 ಸಿಸಿ ಗಾಡಿಗಳಲ್ಲಿ ಕಿಕ್ ಹೊಡೆಯುವ ಲಿವರೂ ಗೇರ್ ಬದಲಿಸುವ ಲಿವರೂ ಒಂದೇ. ಗೇರ್ ಲಿವರನ್ನು ಕಾಲಿನಿಂದ ಅದುಮಿದ ಕೂಡಲೇ ಒಳಗಿನ ಕ್ಯಾಮ್ ಕ್ಲಚ್ಚನ್ನು ತಾನೇ ಎತ್ತುತ್ತಿತ್ತು, ಕೈ ಲಿವರ್ ಹಿಡಿಯದೆಯೂ ಗೇರ್ ಬೀಳುತ್ತಿತ್ತು. ಆದರೆ ಕಾಲನ್ನು ಲಿವರಿನಿಂದ ಹಗುರವಾಗಿ ಬಿಡಬೇಕಿತ್ತು. ಥಟ್ಟನೆ ಬಿಟ್ಟರೆ ಗಾಡಿ ನೆಗೆಯುತ್ತಿತ್ತು. ಕ್ಲಚ್ಚಿನ ಜಾಣತನವೆಲ್ಲ ಬಿಡುವ ಹದದಲ್ಲಿದೆ ಎಂಬುದನ್ನು ಮೈಸೂರಿನ ಒಂದು ಪೀಳಿಗೆ ಆ ಗಾಡಿಯ ಮೇಲೆ ಕಲಿಯಿತು. ನಂಜನಗೂಡು ರಸ್ತೆಯ ಕಡಕೊಳದ ಬಳಿ ಇಂದು ಟಿವಿಎಸ್ ಕಾರ್ಖಾನೆ ದ್ವಿಚಕ್ರ ವಾಹನಗಳನ್ನು ತಯಾರಿಸುತ್ತಿದೆ.

ಎರಡನೆಯದು ಟ್ರ್ಯಾಕ್ಟರ್. ಕಬಿನಿ ಮತ್ತು ಕಾವೇರಿ ನೀರಾವರಿಯ ಈ ತಾಲ್ಲೂಕುಗಳಲ್ಲಿ ಭತ್ತ ಮತ್ತು ಕಬ್ಬು ಮುಖ್ಯ ಬೆಳೆ, ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಗದ್ದೆಗೂ ಕಬ್ಬಿನ ಸಾಗಣೆಗೂ ಟ್ರ್ಯಾಕ್ಟರ್ ಬೇಕು. ಡಬಲ್ ಕ್ಲಚ್ಚಿನ ಟ್ರ್ಯಾಕ್ಟರಿನಲ್ಲಿ ಪೆಡಲನ್ನು ಅರ್ಧ ಅದುಮಿದರೆ ಗಾಡಿ ನಿಲ್ಲುತ್ತದೆ, ಪೂರ್ತಿ ಅದುಮಿದರೆ ಉಪಕರಣಗಳನ್ನು ತಿರುಗಿಸುವ ಹಿಂದಿನ ಪಿಟಿಒ ದಂಡವೂ ನಿಲ್ಲುತ್ತದೆ. ಹೆಚ್ಚು ಅಶ್ವಶಕ್ತಿಯ ಹಲವು ಟ್ರ್ಯಾಕ್ಟರುಗಳಲ್ಲಿ ಸೆರಾಮಿಕ್ ಬಿಲ್ಲೆಗಳ ಕ್ಲಚ್ ಪ್ಲೇಟ್ ಇರುತ್ತದೆ. ಬಲಿಷ್ಠ ಕಾರಿಗೆ ಮಾರುವ ಕೆಲವು ಕ್ಲಚ್ಚುಗಳಲ್ಲಿರುವುದೂ ಇದೇ ಜಾತಿಯ ವಸ್ತು. ಅದು ಟ್ರ್ಯಾಕ್ಟರಿಗೆ ಏಕೆ ಒಗ್ಗುತ್ತದೆ, ಕಾರಿಗೆ ಏಕೆ ಒಗ್ಗುವುದಿಲ್ಲ ಎಂಬುದನ್ನು ಮುಂದೆ ನೋಡಬಹುದು.

ರಚನೆ

ಕಾರಿನ ಸಾಮಾನ್ಯ ಕ್ಲಚ್ಚಿನಲ್ಲಿ ಮೂರು ಮುಖ್ಯ ಭಾಗಗಳಿವೆ. ಎರಡು ಬದಿಗೂ ಲೈನಿಂಗ್ ಇರುವ ಕ್ಲಚ್ ಪ್ಲೇಟ್ ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಹಲ್ಲುಗಳ ಹಿಡಿತದಲ್ಲಿ ಹಿಂದೆ ಮುಂದೆ ಜಾರುತ್ತದೆ. ಪ್ರೆಶರ್ ಪ್ಲೇಟ್ ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುತ್ತದೆ. ಪೆಡಲ್ ಅದುಮಿದಾಗ ರಿಲೀಸ್ ಬೇರಿಂಗ್ ಡಯಾಫ್ರಾಮಿನ ಬೆರಳುಗಳನ್ನು ತಳ್ಳಿ ಆ ಒತ್ತಡವನ್ನು ಸಡಿಲಿಸುತ್ತದೆ.

ರಸ್ತೆಯ ಕಾರಿನ ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿದರೆ ಎರಡು ಸಣ್ಣ ಏರ್ಪಾಡುಗಳು ಕಣ್ಣಿಗೆ ಬೀಳುತ್ತವೆ. ನಡುವಿನ ಹಬ್ಬಿನ ಸುತ್ತ ಕಿಟಕಿಗಳಂಥ ಗೂಡುಗಳಲ್ಲಿ ನಾಲ್ಕಾರು ದಪ್ಪ ಸ್ಪ್ರಿಂಗುಗಳು ಕೂತಿರುತ್ತವೆ. ಎಂಜಿನ್ನಿನ ತಿರುಚುವ ಹೊಡೆತವನ್ನು ಇವು ಹೀರುತ್ತವೆ. ಇನ್ನೊಂದು ಸುಲಭಕ್ಕೆ ಕಾಣದು. ಎರಡು ಲೈನಿಂಗುಗಳ ನಡುವೆ ಅಲೆಯಲೆಯಾಗಿ ಬಾಗಿಸಿದ ತೆಳು ಉಕ್ಕಿನ ತಗಡು ಇರುತ್ತದೆ. ಪ್ಲೇಟನ್ನು ಎರಡು ಹೆಬ್ಬೆರಳುಗಳಿಂದ ಒತ್ತಿದರೆ ಆ ಮೆತ್ತೆ ಒಂದಿಷ್ಟು ಕುಗ್ಗಿ ಮತ್ತೆ ಏಳುವುದು ಬೆರಳಿಗೆ ತಿಳಿಯುತ್ತದೆ. ಹಾಫ್ ಕ್ಲಚ್ಚಿನಲ್ಲಿ ಗಾಡಿ ಮೆಲ್ಲಗೆ ಹೊರಡಲು ಸಾಧ್ಯವಾಗುವುದು ಬಹುಮಟ್ಟಿಗೆ ಈ ಮೆತ್ತೆಯಿಂದ. ರೇಸಿನ ಪ್ಲೇಟುಗಳಲ್ಲಿ ಹೆಚ್ಚಾಗಿ ಇದು ಇರುವುದಿಲ್ಲ, ಕೆಲವದರಲ್ಲಿ ನಡುವಿನ ಸ್ಪ್ರಿಂಗುಗಳೂ ಇರುವುದಿಲ್ಲ. ಆದ್ದರಿಂದ ಅವು ಹಿಡಿದರೆ ಪೂರ್ತಿ ಹಿಡಿಯುತ್ತವೆ, ಬಿಟ್ಟರೆ ಪೂರ್ತಿ ಬಿಡುತ್ತವೆ. ನಡುವೆ ಹದವೆಂಬುದಿಲ್ಲ.

ಹಿಡಿತದ ಲೆಕ್ಕ

ಒಂದು ಕ್ಲಚ್ ಎಷ್ಟು ಟಾರ್ಕ್ (ತಿರುಚುವ ಬಲ) ತಡೆಯಬಲ್ಲದು ಎಂಬುದನ್ನು ನಾಲ್ಕು ಅಂಶಗಳು ತೀರ್ಮಾನಿಸುತ್ತವೆ: ಲೈನಿಂಗಿನ ಘರ್ಷಣಾಂಕ, ಪ್ರೆಶರ್ ಪ್ಲೇಟಿನ ಒತ್ತಡ, ಲೈನಿಂಗಿನ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆ. ನಾಲ್ಕನ್ನೂ ಗುಣಿಸಿದರೆ ಉತ್ತರ ಸಿಗುತ್ತದೆ.

ಒಂದು ಮಾದರಿ ಲೆಕ್ಕ ಹೀಗಿದೆ. ಘರ್ಷಣಾಂಕ 0.3, ಒತ್ತಡ 6,000 ನ್ಯೂಟನ್, ಸರಾಸರಿ ತ್ರಿಜ್ಯ 0.1 ಮೀಟರ್, ಒಂದೇ ಪ್ಲೇಟಾದ್ದರಿಂದ ಮುಖಗಳು 2. ಆಗ ಕ್ಲಚ್ಚಿನ ಹಿಡಿತ 360 ನ್ಯೂಟನ್ ಮೀಟರ್. 250 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್ನಿಗೆ ಇದು ಶೇ 44ರಷ್ಟು ಹೆಚ್ಚುವರಿ. 2011ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಲಾರಾ ಆರ್‌ಎಸ್ ಕಾರಿನ 1.8 ಲೀಟರಿನ ಟರ್ಬೊ ಎಂಜಿನ್ ಇದೇ ಟಾರ್ಕಿನದು. ರಸ್ತೆಯ ಕಾರುಗಳಲ್ಲಿ ಎಂಜಿನ್ನಿನ ಗರಿಷ್ಠ ಟಾರ್ಕಿಗಿಂತ ಶೇ 20ರಿಂದ 50ರಷ್ಟು ಹೆಚ್ಚು ಹಿಡಿತ ಇಟ್ಟುಕೊಳ್ಳುವುದು ವಾಡಿಕೆ. ಲೈನಿಂಗ್ ಸವೆದಾಗ, ಬಿಸಿಯಾದಾಗ, ಗಾಡಿ ಹೊರೆ ಹೊತ್ತಾಗ ಆ ಮಿಗುತೆ ಕಾಪಾಡುತ್ತದೆ.

ಈಗ ಅದೇ ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ ಟಾರ್ಕನ್ನು 340ಕ್ಕೆ ಏರಿಸಿದರೆ ಮಿಗುತೆ ಶೇ 6ಕ್ಕೆ ಇಳಿಯುತ್ತದೆ. ಹೊಸತರಲ್ಲಿ ಕ್ಲಚ್ ತಾಳುತ್ತದೆ, ಒಂದಿಷ್ಟು ಸವೆದ ಮೇಲೆ ಜಾರತೊಡಗುತ್ತದೆ. ಇದನ್ನು ಸರಿಪಡಿಸಲು ಮೂರು ದಾರಿಗಳಿವೆ. ಒತ್ತಡವನ್ನು 7,500 ನ್ಯೂಟನ್ನಿಗೆ ಏರಿಸಿದರೆ ಹಿಡಿತ 450 ಆಗುತ್ತದೆ, ಉಳಿದದ್ದೆಲ್ಲ ಹಾಗೇ ಇದ್ದರೆ ಪೆಡಲೂ ಶೇ 25ರಷ್ಟು ಬಿಗಿಯಾಗುತ್ತದೆ. ಘರ್ಷಣಾಂಕ 0.4ರ ಲೈನಿಂಗ್ ಹಾಕಿದರೆ ಹಿಡಿತ 480, ಪೆಡಲ್ ಮೊದಲಿನಷ್ಟೇ ಹಗುರ, ಆದರೆ ಕೂಡಿಕೊಳ್ಳುವಾಗ ಜರ್ಕ್. ಇನ್ನೊಂದು ಪ್ಲೇಟ್ ಸೇರಿಸಿ ಮುಖಗಳನ್ನು 4 ಮಾಡಿದರೆ ಹಿಡಿತ 720ಕ್ಕೆ ಏರುತ್ತದೆ. ಪೆಡಲೂ ಬಿಗಿಯಾಗದು, ಲೈನಿಂಗೂ ಒರಟಾಗಬೇಕಿಲ್ಲ. ಎರಡು ಪ್ಲೇಟಿನ ಕ್ಲಚ್ ಬೆಲೆಯಲ್ಲಿ ದುಬಾರಿಯಾದರೂ, ತೀರಾ ಬಲಿಷ್ಠ ಕಾರಿಗೆ ರಸ್ತೆಯ ಮಟ್ಟಿಗೆ ಅದೇ ಹಿತ. ಪೆಡಲ್ ಅದುಮಿದಾಗ ಎರಡು ಪ್ಲೇಟುಗಳ ನಡುವಿನ ತಟ್ಟೆ ಒಂದಿಷ್ಟು ಗಲಗಲ ಸದ್ದು ಮಾಡುವುದುಂಟು.

ಕೊಳ್ಳುವವರು ಅಶ್ವಶಕ್ತಿಯನ್ನು ಹೇಳಿ ಕ್ಲಚ್ ಕೇಳುತ್ತಾರೆ. ಕ್ಲಚ್ಚನ್ನು ಜಾರಿಸುವುದು ಟಾರ್ಕ್. ಹೆಚ್ಚು ಸುತ್ತಿಗೆ ಏರಿ ಅಶ್ವಶಕ್ತಿ ಕೊಡುವ ಎಂಜಿನ್ನಿಗಿಂತ, ಕೆಳಗಿನ ಸುತ್ತಿನಲ್ಲೇ ಟಾರ್ಕ್ ಸುರಿಯುವ ಟರ್ಬೊ ಡೀಸೆಲ್ ಕ್ಲಚ್ಚಿಗೆ ಹೆಚ್ಚು ಕಠಿಣ. ಅಂಗಡಿಗಳಲ್ಲಿ ಕೇಳಿಬರುವ ಸ್ಟೇಜ್ 1, ಸ್ಟೇಜ್ 2, ಸ್ಟೇಜ್ 3 ಎಂಬ ಹೆಸರುಗಳಿಗೂ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬ ತಯಾರಕರ ಎರಡನೆಯ ಹಂತ ಇನ್ನೊಬ್ಬರ ಮೂರನೆಯದಕ್ಕೆ ಸಮವಾಗಿರಬಹುದು. ನ್ಯೂಟನ್ ಮೀಟರಿನಲ್ಲಿ ಬರೆದುಕೊಟ್ಟ ಹಿಡಿತವೇ ನಂಬತಕ್ಕದ್ದು.

ಲೈನಿಂಗಿನ ಬಗೆಗಳು

ಸಾವಯವ ಲೈನಿಂಗ್: ನಾರು, ರಾಳ, ರಬ್ಬರು, ತಾಮ್ರ ಅಥವಾ ಹಿತ್ತಾಳೆಯ ಎಳೆ ಸೇರಿಸಿ ಒತ್ತಿ ಮಾಡಿದ್ದು. ಘರ್ಷಣಾಂಕ ಸುಮಾರು 0.25ರಿಂದ 0.35. ಮೆತ್ತಗೆ ಕೂಡಿಕೊಳ್ಳುತ್ತದೆ, ಫ್ಲೈವೀಲನ್ನು ಸವೆಸುವುದು ಕಡಿಮೆ. ತೀರಾ ಬಿಸಿಯಾದರೆ ಒಳಗಿನ ರಾಳ ಸುಟ್ಟು ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಕೆವ್ಲಾರ್ ಲೈನಿಂಗ್: ದೀರ್ಘ ಬಾಳಿಕೆ, ಸಾವಯವದಷ್ಟೇ ನಯ. ಆದರೆ ಪಳಗಲು ಹೆಚ್ಚು ದೂರ ಬೇಕು. ಪಳಗುವ ಮುನ್ನ ಬಿಸಿ ತಾಗಿದರೆ ನುಣುಪಾಗಿ ಕೆಡುತ್ತದೆ.

ಸೆರಾಮಿಕ್ ಮತ್ತು ಲೋಹದ ಬಿಲ್ಲೆಗಳು: ಪೂರ್ತಿ ವೃತ್ತದ ಬದಲು ಮೂರು, ನಾಲ್ಕು ಅಥವಾ ಆರು ಬಿಲ್ಲೆಗಳು. ಬಿಸಿಯನ್ನು ಚೆನ್ನಾಗಿ ತಾಳುತ್ತವೆ, ಬಿಗಿಯಾಗಿ ಹಿಡಿಯುತ್ತವೆ. ಹಾಫ್ ಕ್ಲಚ್ಚಿನಲ್ಲಿ ನಡುಗುತ್ತವೆ, ಫ್ಲೈವೀಲಿನ ಮುಖವನ್ನು ಉಜ್ಜಿ ತಿನ್ನುತ್ತವೆ. ಟ್ರ್ಯಾಕ್ಟರು ಗದ್ದೆಯಲ್ಲಿ ಒಮ್ಮೆ ಹೊರಟರೆ ಸಾಲಿನ ಕೊನೆಯವರೆಗೆ ನಿಲ್ಲುವುದಿಲ್ಲ, ಗೇರು ತೀರಾ ಕೆಳಗಿನದು, ಭಾರವಾದ ಫ್ಲೈವೀಲ್ ಜರ್ಕನ್ನು ನುಂಗುತ್ತದೆ. ಆದ್ದರಿಂದ ಅಲ್ಲಿ ಅದು ಸಲೀಸು. ಕಾರು ಪೇಟೆಯಲ್ಲಿ ಮತ್ತೆ ಮತ್ತೆ ನಿಂತು ಹೊರಡಬೇಕು. ಅಲ್ಲಿ ಇದು ಕಾಟ.

ಮಿಶ್ರ ಪ್ಲೇಟು: ಒಂದು ಮುಖಕ್ಕೆ ಸಾವಯವ, ಇನ್ನೊಂದಕ್ಕೆ ಗಟ್ಟಿ ವಸ್ತು. ನಯ ಮತ್ತು ಹಿಡಿತಗಳ ನಡುವಿನ ರಾಜಿ.

ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಪುಡಿ ಶ್ವಾಸಕೋಶದ ಮಾರಕ ರೋಗಗಳಿಗೆ ಕಾರಣ. ಹಳೆಯ ಗಾಡಿಯ ಗೇರ್‌ಬಾಕ್ಸ್ ಇಳಿಸಿದಾಗ ಒಳಗಿನ ಕರಿ ಪುಡಿಯನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸವನ್ನು ಗ್ಯಾರೇಜುಗಳು ಕೈಬಿಡಲೇಬೇಕು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದು ಕೆಲಸ ಮಾಡುವ ಹುಡುಗರ ಜೀವಕ್ಕೆ ಒಳ್ಳೆಯದು.

ಫ್ಲೈವೀಲ್: ಭಾರವೋ, ಹಗುರವೋ

ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡಲಿನಲ್ಲಿ ಅದು ಸೆಕೆಂಡಿಗೆ ಸುಮಾರು 27 ಹೊಡೆತ. ಹೊಡೆತಕ್ಕೂ ಹೊಡೆತಕ್ಕೂ ನಡುವೆ ಎಂಜಿನ್ನನ್ನು ತಿರುಗಿಸಿಕೊಂಡು ಹೋಗುವುದು ಫ್ಲೈವೀಲಿನ ಜಡತ್ವ. ಈ ಜಡತ್ವ ತೂಕದಿಂದಷ್ಟೇ ಅಲ್ಲ, ತೂಕ ಎಲ್ಲಿದೆ ಎಂಬುದರಿಂದಲೂ ನಿರ್ಧಾರವಾಗುತ್ತದೆ. ಅಂಚಿನಲ್ಲಿರುವ ಒಂದು ಕಿಲೋ, ಅರ್ಧ ತ್ರಿಜ್ಯದಲ್ಲಿರುವ ಒಂದು ಕಿಲೋಗಿಂತ ನಾಲ್ಕು ಪಟ್ಟು ಕೆಲಸ ಮಾಡುತ್ತದೆ. ತಿಗುರಿ ಮಾಡಿದವರಿಗೆ ಇದು ಗೊತ್ತಿತ್ತು.

14 ಸೆಂಟಿಮೀಟರ್ ತ್ರಿಜ್ಯದ, 10 ಕಿಲೋ ತೂಕದ ಫ್ಲೈವೀಲನ್ನು ಅದೇ ಆಕಾರದ 5 ಕಿಲೋದ್ದಕ್ಕೆ ಬದಲಿಸಿದೆವು ಎನ್ನೋಣ. ಮೊದಲ ಗೇರಿನಲ್ಲಿ ಎಂಜಿನ್ 14 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುವ, 31 ಸೆಂಟಿಮೀಟರ್ ತ್ರಿಜ್ಯದ ಚಕ್ರಗಳಿರುವ ಕಾರಿನಲ್ಲಿ ಆ ಬದಲಾವಣೆ ಕಾರಿನ ತೂಕದಿಂದ ಸುಮಾರು 100 ಕಿಲೋ ಇಳಿಸಿದಂತೆ ಭಾಸವಾಗುತ್ತದೆ. ಮೇಲಿನ ಗೇರಿನಲ್ಲಿ, ಎಂಜಿನ್ 3 ಸುತ್ತಿಗೆ ಚಕ್ರ ಒಂದು ಸುತ್ತು ಎನ್ನುವಾಗ, ಅದೇ ಬದಲಾವಣೆಯ ಲಾಭ 5 ಕಿಲೋ ಕೂಡ ಇಲ್ಲ. ಹಗುರ ಫ್ಲೈವೀಲಿನ ಚುರುಕೆಲ್ಲ ಕೆಳಗಿನ ಗೇರುಗಳಲ್ಲಿ ಮತ್ತು ಗೇರ್ ಬದಲಿಸುವಾಗ ಸುತ್ತು ಬೇಗ ಏರಿಳಿಯುವುದರಲ್ಲಿದೆ. ಹೆದ್ದಾರಿಯ ಓಟಕ್ಕೆ ಅದರಿಂದ ಬರುವುದು ಅತ್ಯಲ್ಪ.

ಆ ಚುರುಕಿಗೆ ತೆರಬೇಕಾದ ಬೆಲೆಯೂ ಕೆಳಗಿನ ಗೇರಿನಲ್ಲೇ ಇದೆ. ಐಡಲಿನಲ್ಲಿ 10 ಕಿಲೋದ ಆ ಚಕ್ರ ಕೂಡಿಟ್ಟ ಶಕ್ತಿ ಸುಮಾರು 340 ಜೂಲ್. 5 ಕಿಲೋದ್ದಾದರೆ ಅದರ ಅರ್ಧ. ಕ್ಲಚ್ ಬಿಡುವಾಗ ಒಂದಿಷ್ಟು ತಪ್ಪಿದರೂ ಎಂಜಿನ್ ನಿಂತುಹೋಗುತ್ತದೆ. ಚಾಲಕ ಪ್ರತಿ ಸಲವೂ ಆಕ್ಸಲರೇಟರ್ ಹೆಚ್ಚು ಒತ್ತಿ, ಕ್ಲಚ್ಚನ್ನು ಹೆಚ್ಚು ಜಾರಿಸಿ ಹೊರಡಬೇಕಾಗುತ್ತದೆ.

ವಸ್ತುವಿನ ಆಯ್ಕೆಯೂ ಮುಖ್ಯ. ಎರಕದ ಕಬ್ಬಿಣದ ಫ್ಲೈವೀಲ್ ಅಗ್ಗ, ಬಿಸಿ ತಾಳುತ್ತದೆ, ಸಾಮಾನ್ಯ ಬಳಕೆಗೆ ಸಾಕು. ಗಟ್ಟಿ ಉಕ್ಕಿನಿಂದ ಕೊರೆದದ್ದು ಹಗುರವಾಗಿದ್ದೂ ಬಲವಾಗಿರುತ್ತದೆ. ಅಲ್ಯುಮಿನಿಯಮ್ಮಿನದು ಇನ್ನೂ ಹಗುರ, ಅದರ ಉಜ್ಜುವ ಮುಖಕ್ಕೆ ಉಕ್ಕಿನ ತಟ್ಟೆ ಕೂರಿಸಿರುತ್ತಾರೆ. ಎರಕದ ಫ್ಲೈವೀಲನ್ನು ಲೇತಿಗೆ ಹಾಕಿ ಅಂದಾಜಿನಲ್ಲಿ ಕೊರೆದು ಹಗುರ ಮಾಡುವುದು ಪ್ರಾಣಾಪಾಯದ ಕೆಲಸ. ಸುತ್ತು ಎರಡು ಪಟ್ಟಾದರೆ ಚಕ್ರವನ್ನು ಸೀಳುವ ಬಲ ನಾಲ್ಕು ಪಟ್ಟಾಗುತ್ತದೆ. ತೆಳುವಾದ ಎರಕ ಸಿಡಿದರೆ ಚೂರುಗಳು ಕಾರಿನ ತಳವನ್ನೇ ಸೀಳಿ ಒಳಬರಬಲ್ಲವು. ಸುಟ್ಟ ಮುಖವನ್ನು ಸಮ ಮಾಡುವ ಫೇಸಿಂಗ್ ಬೇರೆ, ತೂಕ ಇಳಿಸಲು ಕೊರೆಯುವುದು ಬೇರೆ.

ಎರಡು ತುಂಡಿನ ಫ್ಲೈವೀಲ್

ಇಂದಿನ ಹಲವು ಟರ್ಬೊ ಕಾರುಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇದೆ. ಒಂದು ತುಂಡು ಕ್ರ್ಯಾಂಕಿಗೆ, ಇನ್ನೊಂದು ಕ್ಲಚ್ಚಿಗೆ. ನಡುವೆ ಗ್ರೀಸಿನಲ್ಲಿ ಕೂತ ಬಿಲ್ಲಿನಂಥ ಉದ್ದ ಸ್ಪ್ರಿಂಗುಗಳು. ಎಂಜಿನ್ನಿನ ನಡುಕವನ್ನು ಅದು ಗೇರ್‌ಬಾಕ್ಸಿಗೆ ತಲುಪದಂತೆ ತಡೆಯುತ್ತದೆ. ಬಲಿಷ್ಠ ಎಂಜಿನ್ನಿನ ಕಾರನ್ನು ಕೆಳಗಿನ ಸುತ್ತಿನಲ್ಲೇ, ಮೇಲಿನ ಗೇರಿನಲ್ಲಿ ಹಿತವಾಗಿ ಓಡಿಸಲು ಆಗುವುದು ಇದರಿಂದಲೇ. ಇದರ ಬೆಲೆ ಹೆಚ್ಚು, ಸ್ಪ್ರಿಂಗು ಸೋತರೆ ಸಾಮಾನ್ಯವಾಗಿ ಇಡಿಯಾಗಿ ಬದಲಿಸಬೇಕು.

ಅದನ್ನು ತೆಗೆದು ಒಂದೇ ತುಂಡಿನ ಫ್ಲೈವೀಲ್ ಹಾಕುವವರು ಒಂದು ಸಂಗತಿ ಮರೆಯಬಾರದು. ಎರಡು ತುಂಡಿನ ಫ್ಲೈವೀಲಿಗೆ ಜೊತೆಯಾದ ಕ್ಲಚ್ ಪ್ಲೇಟಿನಲ್ಲಿ ಹೆಚ್ಚಾಗಿ ನಡುವಿನ ಸ್ಪ್ರಿಂಗು ಇರುವುದಿಲ್ಲ, ಏಕೆಂದರೆ ಆ ಕೆಲಸವನ್ನು ಫ್ಲೈವೀಲೇ ಮಾಡುತ್ತಿತ್ತು. ಒಂದೇ ತುಂಡಿಗೆ ಬದಲಾದಾಗ ಸ್ಪ್ರಿಂಗಿನ ಹಬ್ ಇರುವ ಪ್ಲೇಟನ್ನೇ ಹಾಕಬೇಕು. ಹಾಗೆ ಮಾಡಿದರೂ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸು ಕಟಕಟ ಎನ್ನಬಹುದು. ಮೂಲ ಎರಡು ತುಂಡಿನದು ಹೆಚ್ಚಿದ ಟಾರ್ಕನ್ನು ತಾಳುವಂತಿದ್ದರೆ, ರಸ್ತೆಯ ಕಾರಿಗೆ ಅದನ್ನೇ ಉಳಿಸಿಕೊಳ್ಳುವುದು ಉತ್ತಮ.

ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸುಗಳದು ಬೇರೆಯದೇ ಲೆಕ್ಕ. ಫೋಕ್ಸ್‌ವ್ಯಾಗನ್ ಬಳಗದ ಒಣ ಕ್ಲಚ್ಚಿನ ಏಳು ಗೇರಿನ ಡಿಕ್ಯು200 ಗೇರ್‌ಬಾಕ್ಸಿನ ಮಿತಿ 250 ನ್ಯೂಟನ್ ಮೀಟರ್. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಆರು ಗೇರಿನ ಡಿಕ್ಯು250ರದು 350. ಅಲ್ಲಿ ಮಿತಿಯೊಳಗೆ ಉಳಿಯುವುದೇ ಜಾಣತನ.

ನಂಜನಗೂಡು ಮತ್ತು ತಿ. ನರಸೀಪುರದ ರಸ್ತೆಗಳು

ಕೇರಳದ ಕೋಯಿಕ್ಕೋಡಿನಿಂದ ಬರುವ ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ, ನಂಜನಗೂಡು ಹಾದು ಮೈಸೂರು ಸೇರಿ, ಅಲ್ಲಿಂದ ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಎರಡು ಪಟ್ಟಣಗಳೂ ಒಂದೇ ಹೆದ್ದಾರಿಯ ಮೇಲಿವೆ. ಹೆದ್ದಾರಿಯಲ್ಲಿ ಐದನೆಯ ಗೇರಿಗೆ ಹಾಕಿ ಸಾಗುವಾಗ ಯಾವ ಕ್ಲಚ್ಚಾದರೂ ಒಂದೇ. ವ್ಯತ್ಯಾಸ ತಿಳಿಯುವುದು ಹೆದ್ದಾರಿ ಬಿಟ್ಟು ಸುತ್ತೂರಿನ ಕಡೆಯ ಊರುಗಳ ರಸ್ತೆ ಹಿಡಿದಾಗ: ಪ್ರತಿ ಊರಿನ ಬಾಯಲ್ಲೂ ಹಂಪು, ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಒಕ್ಕಣೆ, ಕಬ್ಬಿನ ಹೊರೆಯ ಟ್ರೈಲರಿನ ಹಿಂದೆ ಮೈಲಿಗಟ್ಟಲೆ ಎರಡನೆಯ ಗೇರು.

ನಂಜನಗೂಡಿನ ದೊಡ್ಡಜಾತ್ರೆಯ ಪಂಚ ಮಹಾರಥೋತ್ಸವದ ದಿನ ಪಟ್ಟಣಕ್ಕೆ ಬರುವ ಕಾರಿನ ಕ್ಲಚ್ಚಿನ ಪಾಡನ್ನು ಲೆಕ್ಕ ಹಾಕಿ ನೋಡಬಹುದು. ಜನ ಸೇರಿ 1,500 ಕಿಲೋ ತೂಗುವ ಕಾರು ಮೊದಲ ಗೇರಿನಲ್ಲಿ ಹೊರಟು ಗಂಟೆಗೆ 12 ಕಿಲೋಮೀಟರಿನಲ್ಲಿ ಕ್ಲಚ್ ಪೂರ್ತಿ ಕೂಡಿಕೊಳ್ಳುತ್ತದೆ ಎನ್ನೋಣ. ಆ ಒಂದು ಹೊರಡುವಿಕೆಗೆ ಕ್ಲಚ್ಚಿನಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಸುಮಾರು 8 ಕಿಲೋಜೂಲ್. ನೂರು ಸಲ ನಿಂತು ಹೊರಟರೆ 800. ಅದರ ಅರ್ಧ ಫ್ಲೈವೀಲಿಗೆ ಹೋದರೆ, ನಡುವೆ ಆರಲು ಬಿಡುವಿಲ್ಲದಿದ್ದಲ್ಲಿ, 10 ಕಿಲೋದ ಫ್ಲೈವೀಲ್ ಸುಮಾರು 80 ಡಿಗ್ರಿ ಬಿಸಿಯೇರುತ್ತದೆ, 5 ಕಿಲೋದ್ದು 160 ಡಿಗ್ರಿ. ಭಾರದ ಫ್ಲೈವೀಲ್ ದಪ್ಪ ತಳದ ಪಾತ್ರೆಯಂತೆ, ಒಳಗಿನದು ಬೇಗ ಸೀಯಲು ಬಿಡುವುದಿಲ್ಲ. ಜಾತ್ರೆ, ಸಂತೆ, ಮೂರು ವರ್ಷಕ್ಕೊಮ್ಮೆ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ನಡೆಯುತ್ತಿರುವ ಕುಂಭಮೇಳ, ಇವೆಲ್ಲ ಹಗುರ ಫ್ಲೈವೀಲಿಗೆ ರೇಸಿಗಿಂತ ಕಠಿಣ ಪರೀಕ್ಷೆಗಳು.

ಏರಿನಲ್ಲಿ ಬ್ರೇಕ್ ಬಿಟ್ಟು ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಇನ್ನೂ ಕೆಟ್ಟದ್ದು. 60 ನ್ಯೂಟನ್ ಮೀಟರ್ ಹಿಡಿತದಲ್ಲಿ, ನಿಮಿಷಕ್ಕೆ 1,000 ಸುತ್ತಿನಲ್ಲಿ ಜಾರುವ ಕ್ಲಚ್ 6 ಕಿಲೋವ್ಯಾಟಿಗೂ ಮೀರಿ ಶಾಖ ಸುರಿಸುತ್ತದೆ. ಲೈನಿಂಗಿನ ಆ ಉಂಗುರದೊಳಗೆ ನೀರು ಕಾಯಿಸುವ ಒಂದು ಕಿಲೋವ್ಯಾಟಿನ ಆರು ರಾಡುಗಳನ್ನು ಹಾಕಿದಂತೆ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ವಾಹನಗಳ ಸಾಲು ನಿಂತಾಗ ಹ್ಯಾಂಡ್ ಬ್ರೇಕ್ ಎಳೆಯುವವರ ಕ್ಲಚ್ ಉಳಿಯುತ್ತದೆ.

ನೀರಿನ ಕಾಟವೂ ಈ ಸೀಮೆಗೆ ಹೊಸದಲ್ಲ. 2019ರ ಆಗಸ್ಟಿನಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಮುಳುಗಿತ್ತು. ನೀರಿನಲ್ಲಿ ಹಾದ ಕಾರನ್ನು ವಾರಗಟ್ಟಲೆ ಹಾಗೇ ನಿಲ್ಲಿಸಿದರೆ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳಬಹುದು. ಲೋಹದ ಅಂಶ ಹೆಚ್ಚಿರುವ ಲೈನಿಂಗುಗಳಲ್ಲಿ ಈ ಭಯ ಹೆಚ್ಚು.

ಆಯ್ಕೆಯ ಕ್ರಮ

ಮೊದಲು ಎಂಜಿನ್ನಿನ ನಿಜವಾದ ಗರಿಷ್ಠ ಟಾರ್ಕನ್ನು, ರೀಮ್ಯಾಪ್ ಆಗಿದ್ದರೆ ಆ ನಂತರದ ಅಳತೆಯನ್ನು, ತಿಳಿಯಬೇಕು. ಅದಕ್ಕೆ ಶೇ 30ರ ಆಸುಪಾಸು ಮಿಗುತೆ ಸೇರಿಸಿದರೆ ಬೇಕಾದ ಹಿಡಿತ ಸಿಗುತ್ತದೆ. ಅದಕ್ಕಿಂತ ಬಹಳ ಹೆಚ್ಚಿನ ಹಿಡಿತ ಕೊಳ್ಳುವುದು ಲಾಭವಲ್ಲ. ಕ್ಲಚ್ ಜಾರದಿದ್ದರೆ ಹೊಡೆತವೆಲ್ಲ ಗೇರಿನ ಹಲ್ಲಿಗೆ, ಆಕ್ಸಲ್ಲಿಗೆ ಹೋಗುತ್ತದೆ. ಕ್ಲಚ್ಚಿಗಿಂತ ಗೇರ್‌ಬಾಕ್ಸಿನ ದುರಸ್ತಿ ದುಬಾರಿ.

ಹೆಚ್ಚಿದ ಟಾರ್ಕ್ ಮೂಲ ಕ್ಲಚ್ಚಿನ ಮಿತಿಯೊಳಗಿದ್ದರೆ ಹೊಸ ಮೂಲ ಕ್ಲಚ್ ಸೆಟ್ಟೇ ಸಾಕು. ಮಿತಿ ಕೊಂಚ ಮೀರಿದರೆ, ಒತ್ತಡ ಹೆಚ್ಚಿಸಿದ ಪ್ರೆಶರ್ ಪ್ಲೇಟು ಮತ್ತು ಪೂರ್ತಿ ವೃತ್ತದ ಸಾವಯವ ಪ್ಲೇಟು. ಇನ್ನೂ ಮೀರಿದರೆ ಮಿಶ್ರ ಪ್ಲೇಟು. ಮೂಲ ಟಾರ್ಕಿನ ಎರಡು ಪಟ್ಟಿನ ಹತ್ತಿರ ಹೋದರೆ ಸಾವಯವ ಲೈನಿಂಗಿನ ಎರಡು ಪ್ಲೇಟಿನ ಕ್ಲಚ್. ಬಿಲ್ಲೆಯ ಪ್ಲೇಟನ್ನು ಮೈದಾನದ ಸ್ಪರ್ಧೆಗೆ ಮೀಸಲಾದ ಕಾರಿಗೆ ಬಿಡುವುದು ಒಳಿತು. ಎಲ್ಲ ಹಂತದಲ್ಲೂ ಸ್ಪ್ರಿಂಗಿನ ಹಬ್ ಅಥವಾ ಎರಡು ತುಂಡಿನ ಫ್ಲೈವೀಲ್, ಎರಡರಲ್ಲಿ ಒಂದು ಇರಲೇಬೇಕು. ಒಂದೇ ತುಂಡಿನ ಫ್ಲೈವೀಲನ್ನು ಹಗುರ ಮಾಡಲೇಬೇಕೆಂದರೆ ಮೂಲ ತೂಕದ ಕಾಲು ಭಾಗದಷ್ಟು ಇಳಿಸಿ ನಿಲ್ಲಿಸುವುದು ರಸ್ತೆಗೆ ಒಗ್ಗುತ್ತದೆ.

ಕಾರು ಓಡಿಸುವವರು ಯಾರೆಂಬುದೂ ಲೆಕ್ಕಕ್ಕೆ ಬರಬೇಕು. ಮನೆಯ ಕಾರನ್ನು ಮಗ ಒಬ್ಬನೇ ಓಡಿಸುವುದಿಲ್ಲ. ಬಿಗಿ ಪೆಡಲಿನಿಂದ ತಾಯಿಯ ಮಂಡಿ ನೋಯುವುದಾದರೆ ಆ ಆಯ್ಕೆ ತಪ್ಪು.

ಕಾನೂನನ್ನೂ ನೋಡಬೇಕು. ಮೋಟಾರು ವಾಹನಗಳ ಕಾಯಿದೆ, 1988ರ 52ನೆಯ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸವೆದ ಕ್ಲಚ್ಚನ್ನು ಬದಲಿಸುವುದು ದುರಸ್ತಿ. ಎಂಜಿನ್ನಿನ ಶಕ್ತಿ ಹೆಚ್ಚಿಸುವುದು ಬೇರೆ ಮಾತು. ಅದನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ದಿನ ತೊಂದರೆ ತಪ್ಪದು.

ಜೋಡಣೆ ಮತ್ತು ಪಳಗಿಸುವಿಕೆ

ಕ್ಲಚ್ ಸವೆದದ್ದನ್ನು ಪತ್ತೆ ಮಾಡುವುದು ಸುಲಭ. ಖಾಲಿ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಸಾಗುತ್ತ ಆಕ್ಸಲರೇಟರನ್ನು ಪೂರ್ತಿ ಒತ್ತಿದಾಗ ಸುತ್ತಿನ ಮುಳ್ಳು ಏರಿ, ಗಾಡಿ ಅದಕ್ಕೆ ತಕ್ಕಂತೆ ಎಳೆಯದಿದ್ದರೆ ಕ್ಲಚ್ ಜಾರುತ್ತಿದೆ. ಪೆಡಲ್ ಅದುಮಿದರೂ ಗೇರು ಸಲೀಸಾಗಿ ಬೀಳದಿದ್ದರೆ ಅದು ಪೂರ್ತಿ ಬಿಡುತ್ತಿಲ್ಲ. ಪೆಡಲ್ ಅದುಮಿದಾಗ ಮಾತ್ರ ಗೊರಗೊರ ಸದ್ದು ಬಂದರೆ ರಿಲೀಸ್ ಬೇರಿಂಗ್ ಸೋತಿದೆ.

ಗೇರ್‌ಬಾಕ್ಸ್ ಒಮ್ಮೆ ಇಳಿಸಿದ ಮೇಲೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನು ನೋಡಲೇಬೇಕು. ಒಂದು ಹನಿ ಎಣ್ಣೆ ಹೊಸ ಲೈನಿಂಗನ್ನು ಕೆಡಿಸುತ್ತದೆ. ಫ್ಲೈವೀಲಿನ ಮುಖವನ್ನು ಜಿಡ್ಡಿಲ್ಲದಂತೆ ಒರೆಸಿ, ಪ್ಲೇಟಿನ ಯಾವ ಬದಿ ಗೇರ್‌ಬಾಕ್ಸಿಗೆ ಎಂಬ ಗುರುತು ನೋಡಿ, ನಡುವಿಗೆ ಹೊಂದಿಸುವ ಸಲಾಕೆಯಿಂದ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ, ಕೊನೆಗೆ ಟಾರ್ಕ್ ರೆಂಚಿನ ಅಳತೆಗೆ ಬಿಗಿಯಬೇಕು. ಗೇರ್‌ಬಾಕ್ಸಿನ ಶಾಫ್ಟಿನ ಹಲ್ಲುಗಳಿಗೆ ಹಚ್ಚುವ ಗ್ರೀಸು ತೆಳುವಾಗಿರಬೇಕು. ಹೆಚ್ಚಾದದ್ದು ಸಿಡಿದು ಲೈನಿಂಗಿಗೇ ತಾಗುತ್ತದೆ.

ಹೊಸ ಸಾವಯವ ಕ್ಲಚ್ಚನ್ನು ಮೊದಲ 500ರಿಂದ 800 ಕಿಲೋಮೀಟರ್ ಪಳಗಿಸಬೇಕು. ಈ ದೂರ ಹೆದ್ದಾರಿಯದಾದರೆ ಲೆಕ್ಕಕ್ಕಿಲ್ಲ, ಪೇಟೆಯದಾಗಬೇಕು. ಲೈನಿಂಗ್ ಫ್ಲೈವೀಲಿನ ಮುಖಕ್ಕೆ ಒಗ್ಗುವುದು ನಿಂತು ಹೊರಡುವ ಹೊತ್ತಿನಲ್ಲಿ ಮಾತ್ರ. ಅವಸರದ ಪಿಕಪ್ ಬೇಡ, ಹೊರೆ ಎಳೆಯುವುದು ಬೇಡ.

ಪಳಗಿದ ಮೇಲೆ ಕೊನೆಯ ಪರೀಕ್ಷೆಗೆ ಯಾವ ಯಂತ್ರವೂ ಬೇಕಿಲ್ಲ. ತೇರು ಎಳೆಯುವವರನ್ನು ನೋಡಿದವರಿಗೆ ಅದು ಗೊತ್ತಿರುವುದೇ: ಹಗ್ಗದ ಸಡಿಲೆಲ್ಲ ಹೋಗಿ ಎಳೆಎಳೆಯಾಗಿ ಬಿಗಿಯಾದ ಮೇಲೆ ತೇರು ಕದಲುತ್ತದೆ, ಒಮ್ಮೆಗೇ ಜಗ್ಗಿದರೆ ಹಗ್ಗಕ್ಕೆ ಕೇಡು. ಸಮತಟ್ಟು ರಸ್ತೆಯಲ್ಲಿ ಮೊದಲ ಗೇರಿಗೆ ಹಾಕಿ, ಆಕ್ಸಲರೇಟರ್ ಮುಟ್ಟದೆ, ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಗಾಡಿ ನಡುಗದೆ, ಎಂಜಿನ್ ನಿಲ್ಲದೆ ನಡೆಯುವ ಮನುಷ್ಯನ ವೇಗಕ್ಕೆ ಹೊರಳಿ ಸಾಗಿದರೆ ಆ ಕ್ಲಚ್ಚೂ ಆ ಫ್ಲೈವೀಲೂ ಈ ರಸ್ತೆಗಳಿಗೆ ಸರಿಯಾದ ಜೋಡಿ.